ಹಿರೇಬಾವಿ ಊರು ಓಣಿ ಆದದ್ದು

…ಓಣಿ ಅನಬ್ಯಾಡ್ರಿ ಅದಕ್ಕ. ಟಪಾಲದಾವ ಅನ್ಲಿ, ರಿಕ್ಷಾದಾವ ಅನ್ಲಿ, ನೀವು ಅನಬ್ಯಾಡ್ರಿ. ಹಿರೇಬಾವಿ ಅಂದ್ರ ಊರು. ಈಗ ಇಳಕಲ್ಲಿಗೆ ಕೂಡಿ ಕಲಸಿ ಹೋಗೇತಿ, ಎಲ್ಲಿ ಪ್ಯಾಟಿ ಮುಗೀತು ಎಲ್ಲಿ ನಮ್ಮೂರು ಸುರು ಆತು ಅನ್ನೂದ ತಿಳಿಯೂದಿಲ್ಲ. ನಾ ಕೆರೂರಿಂದ ಮದಿವ್ಯಾಗಿ ಬಂದಾಗ ನಡುವ ಜ್ವಾಳದ ಹೊಲಾ ಇದ್ವು, ಹಳ್ಳ ಇತ್ತು, ಹಳ್ಳ ದಾಟಿದ ಮ್ಯಾಲ ಕಲ್ಲಿನ ಅಗಸಿ, ಅಂದ್ರ ಊರಬಾಗಲಾ. ಎಷ್ಟು ಎತ್ತರ ಅಂದ್ರ, ಜ್ವಾಳದ ಕಣಿಕಿ ಹೇರಿದ ಚಕ್ಕಡಿ ತಲಿ ಬಗ್ಗಿಸಲಾರದ ಒಳಗ ಹೋಗ್ತಿತ್ತು. ಚಕ್ಕಡಿಗೆಲ್ಲಿ ತಲಿ, ನಗಬ್ಯಾಡ್ರಿ, ಮಾತಿಗೆ ಹೇಳಿದ್ನಿ. ಅಗಸಿ ಒಳಗ ಬಂದ್ರ ಎಡಕ್ಕ ಬಾವಿ, ಮೆಟ್ಟಲ ಬಾವಿ, ಇಳದ ಹೋಗಿ ಕೊಡಾ ತುಂಬಬೇಕು. ಬಾವಿ ದಂಡಿಗೆ ಒಂದು ಬರಹದ ಕಲ್ಲು. ಒಮ್ಮೆ ಧಾರವಾಡದಿಂದ ಒಬ್ಬರು ಬಂದು ಆ ಕಲ್ಲಿಗೆ ಹಸಿ ಕಾಗದಾ ಹಚ್ಚಿ, ಮಸಿ ಬಡದು, ಅಕ್ಷರ ಎತಗೊಂಡು ಹೋದ್ರು. ನಮ್ಮ ಮಾವ, ಅಂದ್ರ ನಿಮ್ಮಜ್ಜನ ಅಪ್ಪ, ಊರಿಗೆ ಹಿರೇರು, ಅವರು ಕೇಳಿದ್ರು, ‘ಏನೈತ್ರಿ ಇದರಾಗ?’ ಅವರಂದ್ರು, ‘ಯಜಮಾನ್ರ, ಚಾಲುಕ್ಯರ ಕಾಲದಾಗ ಈ ಊರಿತ್ತು, ಈ ಬಾವಿ ಇತ್ತು, ಇಲ್ಲಿ ಸಂತಿ ಕೂಡ್ತಿತ್ತು. ಇಳಕಲ್ಲಿನ ಹೆಸರು ಇದರಾಗ ಎಲ್ಲೂ ಇಲ್ಲ.’ ಅವತ್ತ ನೋಡಬೇಕಿತ್ತು ನಮ್ಮ ಮಾವನ್ನ! ಪಟಕಾ ಸುತ್ತಿಗೊಂಡು ಪ್ಯಾಟಿಗೆ ಹೋಗಿ, ಕಂಡಕಂಡವರಿಗೆಲ್ಲಾ ‘ನೀವು ನಿನ್ನಿ ಮೊನ್ನಿಯವ್ರು, ನಾವು ಹಿಂದಿನವ್ರು’ ಅಂತ ಹೇಳಿ ಬಂದ್ರು.

ಆ ದೊಡ್ಡ ಬರ ಬಿತ್ತಲ್ಲ, ಎಪ್ಪತ್ತರ ಈಚಿಕಡೆ, ಹುನಗುಂದದಾಗ ನೀರಿಲ್ಲ, ಇಳಕಲ್ಲಿನಾಗ ನೀರಿಲ್ಲ, ನಮ್ಮ ಬಾವ್ಯಾಗ ಇತ್ತು. ಪ್ಯಾಟಿ ಹೆಣಮಕ್ಳು ಹಳ್ಳ ದಾಟಿ ಬರಾವ್ರು. ಎಲ್ಲಾರಿಗೂ ಕೊಟ್ವಿ. ಆದ್ರ ನೋಡ್ರಿ, ಚಂದನ್ನ ಮಾತಷ್ಟ ಹೇಳಿದ್ರ ಸುಳ್ಳು ಹೇಳಿಧಂಗ ಆಕ್ಕೈತಿ. ಆ ಬಾವಿ ನೀರಾಗ ನಾರು ಇತ್ತು. ನಾರು ಅಂದ್ರ ನಿಮಗ ಗೊತ್ತಿಲ್ಲ, ಪುಣ್ಯಾ ಮಾಡೀರಿ. ನೀರಿನ ಕೂಡ ಹೊಟ್ಟ್ಯಾಗ ಹೋಗಿ, ವರ್ಷ ಕಳದ ಮ್ಯಾಲ ಕಾಲಾಗ ಬೊಬ್ಬಿ ಎದ್ದು, ಅದು ಒಡದು, ಬಿಳಿ ದಾರದಂಥಾ ಹುಳಾ ಹೊರಗ ಬರ್ತಿತ್ತು. ಎಳದ್ರ ಹರೀತೈತಿ, ಹರದ್ರ ಕಾಲು ಕೊಳೀತೈತಿ. ಒಂದು ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟ ಎಳೀಬೇಕು. ನಮ್ಮತ್ತಿಗೆ ಮೊಣಕಾಲ ಕೆಳಗ ಹೊಂಟಿತ್ತು. ಮಗ್ಗದ ಕುಣ್ಯಾಗ ಕಾಲಿಟ್ಟು ಸೀರಿ ನೇಯಾಕಿ ಆಕಿ, ಕಾಲು ಇಳಿಬಿಟ್ರ ಚೀರ್ತಿದ್ಲು. ‘ಏನ್ರಿ, ಈ ಕಾಲು ಕಡದರ ಒಗೀರಿ’ ಅಂತ ಮಾವನ ಕಾಲು ಹಿಡಕೊಂಡು ಅತ್ತಳು. ನಾ ಬಾಗಲದಾಗ ನಿಂತಿದ್ನಿ. ಮಾವ ಆಕಿ ತಲಿ ಮ್ಯಾಲ ಕೈ ಇಟಗೊಂಡು ಕುಂತ್ರು.

ದವಾಖಾನಿಯವರು ಬಂದು ಹೇಳಿದ್ರು, ‘ನಾರು ಹೊಂಟ ಕಾಲು ಬಾವ್ಯಾಗ ಇಳದು ತೊಯ್ಸಿಗೊಂತೀರಿ, ಅದ ನೀರು ಕುಡೀತೀರಿ, ಅದಕ್ಕ ಇದು. ನಳದ ನೀರು ಕುಡದ್ರ ಬರೂದಿಲ್ಲ.’ ಖರೆ ಮಾತು, ಅವರದೇನು ತಪ್ಪಿಲ್ಲ. ಆದ್ರ ನಳಾ ಪ್ಯಾಟಿಗೆ, ನಾವು ಹಳ್ಳಿ. ಮಾವ ಪ್ಯಾಟಿ ಮುನಸೀಪಾಲ್ಟಿಗೆ ನಡದ್ರು. ನಾವು ಹಿಂದಿನವ್ರು ಅಂದಿದ್ರಲ್ಲ, ಅದ ಮನಶ್ಯಾ ಪಟಕಾ ತಗದು ಕೈಯಾಗ ಹಿಡದು, ‘ನಮ್ಮೂರನ್ನ ನಿಮ್ಮೊಳಗ ತಗೋರ್ರಿ’ ಅಂದ್ರು. ಎಷ್ಟು ಸಲ ಹೋದ್ರೋ. ಊರಾಗ ಕಟ್ಟಿ ಮ್ಯಾಲ ಮಂದಿ ಕೂಡಿತು. ಮಾವನ ಗೆಳ್ಯಾ ಈರಪ್ಪ ಅಂತಿದ್ದ, ಬಾಯಿ ಭಾಳ ಅವಂದು. ‘ಲೇ, ಊರಿನ ಹೆಸರು ಹೋಗ್ತೈತಿ, ಪ್ಯಾಟಿಗೆ ಬಾಲಾ ಆಗ್ತೇವಿ ನಾವು’ ಅಂದ. ಮಾವ ಅಂದ್ರು, ‘ಈರಪ್ಪಾ, ನಿನ್ನ ಹೇಣ್ತಿ ಕಾಲಾಗ ನಾರು ಬಂದಿಲ್ಲ. ಬಂದಿದ್ರ ನೀನೂ ಹೆಸರು ಬಿಡ್ತಿದ್ದಿ.’

ಕಡೀಕ ಮುನಸೀಪಾಲ್ಟಿಯವರು ನಮ್ಮೂರನ್ನ ತಗೊಂಡ್ರು. ಉದ್ದನ್ನ ಪೈಪ ಹೇರಿದ ಲಾರಿ ಅಗಸಿ ಮುಂದ ಬಂದು ನಿಂತಿತು, ಒಳಗ ಹೊಳ್ಳಾಕ ಬರವಲ್ದು. ಅಗಸಿ ಕೆಡವಿದ್ರು. ಕಲ್ಲು ಎಲ್ಲಿ ಒಗೀಬೇಕು? ಬಾವ್ಯಾಗ. ನಾರಿನ ಬಾವಿ, ಹೆಂಗಿದ್ರೂ ಮುಚ್ಚೂದ ಅಂತ ಹೇಳಿ, ಅಗಸಿ ಕಲ್ಲು, ಬರಹದ ಕಲ್ಲು, ಮಣ್ಣು, ಎಲ್ಲಾ ಅದರಾಗ ಉಳ್ಳಿಸಿದ್ರು. ಮಾವ ದಂಡಿಗೆ ನಿಂತು ನೋಡಿದ್ರು, ಬ್ಯಾಡ ಅನಲಿಲ್ಲ. ನಳಾ ಬಂತು. ಸುಳ್ಳ್ಯಾಕ ಹೇಳ್ಲಿ, ಆ ಮೊದಲನೇ ದಿನ ತಣ್ಣಗ ಧೋ ಅಂತ ಬಿತ್ತಲ್ಲ ನೀರು, ನಮ್ಮತ್ತಿ ಕುಂಟಕೋತ ಬಂದು ಬೊಗಸಿ ಒಡ್ಡಿ, ಮುಖಾ ತೊಳಕೊಂಡು, ‘ನಿಮ್ಮ ಮಾವ ಗಂಡಸಾದ’ ಅಂತ ನನಗಂದ್ಲು. ನಕ್ಕೋತ ಅಂದ್ಲು.

ನಾಕೈದು ಬ್ಯಾಸಗಿ ಚಲೋ ನಡೀತು. ಆಮ್ಯಾಲ ನಡುವಿನ ಹೊಲದಾಗ ಪ್ಲಾಟ ಬಿದ್ವು. ಮನಿ ಎದ್ವು, ಪಾವರ್‌ಲೂಮಿನ ಶೆಡ್ಡು ಎದ್ವು. ನೀರು ಮೊದಲ ಅವರಿಗೆ, ಕಡೀಕ ನಮಗ. ನಮ್ಮದು ಪೈಪಿನ ತುದಿ. ದಿನಾ ಬರೂದು ವಾರಕ್ಕ ಬಂತು, ಆಮ್ಯಾಲ ನಳಾ ಬರೇ ಸುಂಯ್ ಅಂತ ಗಾಳಿ ಬಿಡಾಕ ಹತ್ತಿತು. ಕುಡ್ಯಾಕಿಲ್ಲ, ನೂಲು ತೊಯ್ಸಾಕ ಎಲ್ಲಿ? ಬಣ್ಣಾ ಹಾಕಾವ್ರು ಮೊದಲ ಊರು ಬಿಟ್ರು, ಅವರ ಬೆನ್ನಿಗೆ ಮಗ್ಗ ಒಂದೊಂದ ನಿಂತ್ವು. ನಿಮ್ಮಜ್ಜ ಮನ್ಯಾಗಿನ ಕುಣಿ ಮುಚ್ಚಿ ಶೆಡ್ಡಿಗೆ ಕೂಲಿಗೆ ಹ್ವಾದ. ಹೊಸಾ ಮನಿಯವ್ರ ಬಾಗಲಕ್ಕ ಹೋಗಿ ‘ಒಂದು ಕೊಡಾ ನೀರು ಹಾಕ್ರೆವ್ವಾ’ ಅಂತ ನಾ ನಿಂತೇನಿ. ಒಬ್ಬಾಕಿ, ಹರೇದಾಕಿ, ನನ್ನ ಮುಖಾ ನೋಡಿ, ‘ದಿನಾ ಬರ್ತೀರಲ್ಲ, ನಿಮ್ಮ ಓಣ್ಯಾಗ ನೀರಿಲ್ಲೇನ್ರಿ?’ ಅಂದ್ಲು. ಓಣಿ ಅಂದ್ಲು. ಆಕಿಗೇನು ಗೊತ್ತು.

ಮಾವಗ ಯಾರೂ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಅವರು ಬಂದು ಕಟ್ಟಿ ಮ್ಯಾಲ ಕುಂತ್ರ ಉಳದವ್ರು ಒಬ್ಬೊಬ್ಬರ ಎದ್ದು ಹೋಗಾವ್ರು, ಈರಪ್ಪನೂ. ಒಂದಿನಾ ಮುಂಜಾನಿ ಮಾವ ಹಾರಿ ತಗೊಂಡು ಬಾವಿ ಮುಚ್ಚಿದ ಜಾಗಾಕ್ಕ ಹೋಗಿ ಅಗ್ಯಾಕ ನಿಂತ್ರು. ಆ ವಯಸ್ಸಿನಾಗ! ನಾ ಓಡಿ ಹೋಗಿ, ‘ಮಾವಾರ, ಏನ್ ಮಾಡಾಕತ್ತೀರಿ?’ ಅಂದ್ನಿ. ‘ನಾ ಮುಚ್ಚಿಸಿದ್ದು, ನಾ ತಗೀಬೇಕವ್ವಾ’ ಅಂದ್ರು. ಬುಟ್ಟಿ ತಂದು ಮಣ್ಣು ಹೊತ್ನಿ. ಮಂದಿ ದೂರ ನಿಂತು ನೋಡಿತು, ಕೈ ಹಚ್ಚಲಿಲ್ಲ. ದಿನಾ ಅಗದ್ವಿ. ಮ್ಯಾಲಿನ ಮಣ್ಣು ಸರದು ಅಗಸಿ ಕಲ್ಲು ಹತ್ತಿದ್ವು. ಮಾವ ಒಂದಕ್ಕ ಹಾರಿ ಕೊಟ್ಟು ಎತ್ತಾಕ ನೋಡಿದ್ರು. ಅದು ಅಳ್ಳಾಡ್ಲಿಲ್ಲ. ಆನಿ ಹಚ್ಚಿ ಏರಿಸಿದ ಕಲ್ಲಂತ ಅವು, ಮುದುಕನ ಕೈಲೆ, ಒಬ್ಬ ಹೆಣಮಗಳ ಕೈಲೆ ಏಳ್ತಾವೇನು? ಮಾವ ಆ ಕಲ್ಲಿನ ಮ್ಯಾಲ ಕುಂತು ದೊಡ್ಡ ದನಿ ತಗದು ಅತ್ರು. ಗಂಡಸು ಹಂಗ ಅಳೂದು ನಾ ಅದ ಮೊದಲ ನೋಡಿದ್ದು. ಅಷ್ಟರಾಗ ಮುನಸೀಪಾಲ್ಟಿಯವರು ಬಂದ್ರು, ‘ಅಜ್ಜಾ, ಈ ಜಾಗಾ ಅಂಗಡಿ ಕಟ್ಟಾಕ ಕೊಟ್ಟೇವಿ, ಅಗೀಬ್ಯಾಡ’ ಅಂತ ಹೇಳಿ, ನಾವು ತಗದ ಮಣ್ಣು ಮತ್ತ ಅದಕ್ಕ ಹಾಕಿಸಿದ್ರು. ನೀವು ಬಿಸ್ಕೀಟ ತರ್ತೀರಲ್ಲ, ಆ ಅಂಗಡಿ ಸಾಲು ಅದ.

ಆವತ್ತಿನಿಂದ ಮಾವ ಹೊರಸು ಹಿಡದ್ರು. ಜಡ್ಡು ಅಂತ ಏನಿಲ್ಲ, ಉಣ್ಣೂದು ಬಿಟ್ರು. ಅತ್ತಿ ಬಾಜೂಕ ಕುಂತು, ‘ನನ್ನ ಕಾಲಿನ ಸಲುವಾಗಿ ಹೀಂಗಾತು’ ಅಂತ ಎದಿ ಬಡಕೊಂತಿದ್ಲು. ಮಾವ ಕೈ ಮಾಡಿ ಸುಮ್ಮನಿರು ಅನ್ನಾವ್ರು. ಕಡೀ ದಿನ ನನ್ನ ಕರದು ಕೇಳಿದ್ರು, ‘ತಂಗೀ, ನಳಾ ಬಂತೇನು?’ ‘ಬಂತ್ರಿ ಮಾವಾರ, ಧೋ ಅಂತ ಬರಾಕತ್ತೈತಿ’ ಅಂದ್ನಿ. ಬಂದಿದ್ದಿಲ್ಲ. ನನ್ನ ಮುಖಾ ನೋಡಿದ್ರು, ಸುಳ್ಳು ಅಂತ ತಿಳೀತು ಅವರಿಗೆ, ಗ್ವಾಡಿ ಕಡೆ ಮಗ್ಗಲಾದ್ರು. ಹಂಗ ಜೀವಾ ಬಿಟ್ರು. ಮೈ ತೊಳ್ಯಾಕ ಈರಪ್ಪ ಎಲ್ಲಿಂದೋ ಎರಡು ಕೊಡಾ ನೀರು ಹೊತಗೊಂಡು ಬಂದ.

ಅದಕ್ಕ ಹೇಳ್ತೇನಿ. ಹೊಸಾದು ಬಂದ್ರ ತಗೋರಿ, ಬ್ಯಾಡ ಅನಬ್ಯಾಡ್ರಿ, ಆದ್ರ ಅದು ಹತ್ತು ಬ್ಯಾಸಗಿ ತಾಳೂತನಕ ಹಳೇದಕ್ಕ ಮಣ್ಣು ಹಾಕಬ್ಯಾಡ್ರಿ. ಹೂಂ, ಏಳ್ರಿ, ರೊಟ್ಟಿ ಆರಾಕತ್ತಾವ.