ಬಿಲ್ಕೀಸಳ ಕೈಯ ನೀರು

"ಹಲೋ... ಹಲೋ, ಯಾರ್ರಿ ಮಾತಾಡೂದು? ಚರ್ಚ್ ಹೌದಲ್ರಿ? ... ಹಾಂ, ಬೆಳಗಾವಿ ಕ್ಯಾಂಪಿನ ಚರ್ಚ್! ಫಾದರ ಅದಾರೇನು? ಲಗೂನ ಕರೀರಿ. ಖಾನಾಪುರ ದವಾಖಾನಿ ನರ್ಸ್ ಬಿಲ್ಕೀಸ ಅಂತ ಹೇಳ್ರಿ..."

ಟ್ರಂಕ್ ಕಾಲ್ ಸಿಗಬೇಕಾದರೆ ಎಕ್ಸ್‌ಚೇಂಜಿನವರ ಕೈಕಾಲು ಹಿಡಿದದ್ದಾಯಿತು. ಇನ್ನು ಫಾದರ್ ಸಾವಕಾಶವಾಗಿ ಬರುವುದರೊಳಗೆ ಲೈನು ಹೋದರೆ ಯಾರನ್ನು ಬೈಯಬೇಕು? ಎಷ್ಟೋ ಹೆರಿಗೆ ಮಾಡಿಸಿದ ಬಿಲ್ಕೀಸ ರಿಸೀವರನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಿದ್ದಳು. ಅವಳಿಗೆ ಹೆದರಿಕೆಯಾಗಿತ್ತು, ಬೇರೆ ಮಾತಿಲ್ಲ.

"ಫಾದರ? ನಮಸ್ಕಾರ್ರಿ. ನಿಮ್ಮ ಕ್ಯಾಂಪಿನ ಹುಡುಗಿ ನತಾಲಿನಾ, ನೀವ ಲಗ್ನಾ ಮಾಡ್ಸೀರಂತಲ್ರಿ... ಹಾಂ, ಆಕೀನ. ಇಲ್ಲಿ ಹಡದಾಳ್ರಿ. ಹೆಣ್ಣು. ದಿನಾ ತುಂಬಿದ್ದಿಲ್ಲ. ಕೂಸು ನೀಲಿ ಆಗೇತಿ, ಉಸಿರು ನಿಂತ ನಿಂತ ಬರತೈತಿ..."

"ಆಕ್ಸಿಜನ್ ಹಚ್ಚೇನ್ರಿ. ಆಯಾ ಭರಮವ್ವ ಕೂಸಿನ ಬಾಜೂಕ ಅದಾಳ... ಡಾಕ್ಟರಾ? ಹೊಳಿ ಆಚಿ ಸಿಕ್ಕೊಂಡಾರ. ಸೇತುವಿ ಮ್ಯಾಲ ನೀರು ಬಂದೈತಿ. ನೀವೂ ಬರಾಕ ಆಗಂಗಿಲ್ಲ, ಹೌದಲ್ರಿ? ... ಗೊತ್ತೈತ್ರಿ, ಗೊತ್ತೈತಿ."

"ಆಕಿ ಒಂದ ಹಟಾ ಹಿಡದಾಳ್ರಿ. ಕೂಸಿಗೆ ಜ್ಞಾನಸ್ನಾನ, ನಿಮ್ಮ ಬ್ಯಾಪ್ಟಿಸಮ್, ಆಗಬೇಕಂತ. ಹೋದ ಸಲದ ಕೂಸು ಅದಿಲ್ಲದನ ಹೋತಂತ, ಗೋರಸ್ಥಾನದ ಗ್ವಾಡಿ ಹೊರಗ ಮಣ್ಣು ಮಾಡಿದ್ರಂತ... ಹಾಂ, ಅದ. ಅದನ್ನ ನೆನಿಸಿ ನೆನಿಸಿ ಅಳ್ತಾಳ. ಈ ಕೂಸರೆ ದೇವರ ಕೈಯಾಗ ಇರ್ಲಿ ಅಂತಾಳ..."

"ಏನಂದ್ರಿ? ... ಜ್ಞಾನಸ್ನಾನ ನಾನ ಕೊಡಬೇಕಾ? ... ಫಾದರ, ನಾ ಮುಸಲ್ಮಾನರಾಕಿ ರೀ! ಬಿಲ್ಕೀಸ, ಬಿಲ್ಕೀಸ! ... ಯಾರ ಬೇಕಾದ್ರೂ ಮಾಡಬೋದಾ? ಜೀವದ ಮ್ಯಾಲ ಬಂದಾಗ? ಖರೇನಾ?"

ಬಿಲ್ಕೀಸ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮನೆಯಲ್ಲಿ ಅಬ್ಬಾಗೆ ಗೊತ್ತಾದರೆ ಏನೆಂದಾರು ಎಂಬುದು ಒಂದು ಕ್ಷಣ ಮನಸ್ಸಿಗೆ ಬಂತು, ಹೋಯಿತು. ಅವಳ ಭಯ ಬೇರೆಯೇ ಇತ್ತು. ತನ್ನ ಕೈಯಿಂದ ತಪ್ಪಾಗಿ, ಆ ತಾಯಿಯ ಎರಡನೇ ಕೂಸೂ ಗೋಡೆಯ ಹೊರಗೇ ಉಳಿದುಬಿಟ್ಟರೆ?

"ಹೇಳ್ರಿ, ಹೇಳ್ರಿ. ನೀರು... ಬರೇ ನೀರಾ? ಕಾಸಿ ಆರಿಸಿದ್ದು ಐತಿ, ನಡೀತೈತಿ? ... ತಲೀ ಮ್ಯಾಲ, ಮೂರು ಸಲ. ಹರದು ಹೋಗಬೇಕು... ಹಾಂ."

"ಹೆಸರಾ? ಲೂಸಿಯಾ ಅಂದಾಳ್ರಿ... ನೀವು ಅನ್ರಿ, ನಿಮ್ಮ ಹಿಂದ ನಾ ಅಂತೀನಿ. ಲೂಸಿಯಾ... ಪಿತನ... ಸುತನ... ಮತ್ತು ಪವಿತ್ರಾತ್ಮರ ನಾಮದಲ್ಲಿ... ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ. ಬರೋಬ್ಬರಿ ಆತ್ರಿ? ... ಇನ್ನೊಮ್ಮೆ? ಬ್ಯಾಡ್ರಿ, ಬಾಯಾಗ ಕುಂತೈತಿ."

"ಎಕ್ಸ್‌ಚೇಂಜ್ನೋರ, ಕಟ್ ಮಾಡಬ್ಯಾಡ್ರಿ, ಕೈ ಮುಗೀತೀನಿ, ಒಂದ ಮಾತೈತಿ!"

"ಫಾದರ, ಒಂದು ಖರೇ ಹೇಳ್ರಿ. ನನ್ನ ಕೈಲೆ ಆದದ್ದು ದೇವರಿಗೆ ಮುಟ್ಟತೈತಾ? ... ಅಲ್ರಿ, ಬಾಣಂತಿ ಸಮಾಧಾನಕ್ಕಂತ ಅಂದಿದ್ರ ಹಂಗ ಹೇಳಿಬಿಡ್ರಿ. ಆಕಿ ನನ್ನ ಮಾರಿ ನೋಡ್ತಾಳ. ಹಂತಾ ಹೊತ್ತಿನ್ಯಾಗ ನನಗ ಸುಳ್ಳು ಹೇಳಾಕ ಬರಂಗಿಲ್ಲ. ಮುಟ್ಟತೈತಿ ಅಂತ ಒಮ್ಮೆ ಅನ್ರಿ, ಸಾಕು... ಹಲೋ? ... ಫಾದರ? ... ಹಲೋ?"

ಲೈನು ಹೋಗಿತ್ತು. ಒಳಗಿಂದ ಭರಮವ್ವ "ನರ್ಸ್ ಬಾಯಾರ, ಲಗೂನ ಬರ್ರಿ!" ಎಂದು ಚೀರಿದಳು. ಬಿಲ್ಕೀಸ ರಿಸೀವರನ್ನು ಮೇಜಿನ ಮೇಲೇ ಬಿಟ್ಟು ಓಡಿದಳು. ನೀರಿನ ಬಟ್ಟಲು ಎತ್ತಿಕೊಂಡಳು. ನತಾಲಿನಾ ಬಟ್ಟಲನ್ನೂ ಅವಳ ಮುಖವನ್ನೂ ನೋಡಿ ಕಣ್ಣಲ್ಲೇ ಕೇಳಿದಳು.

"ಫಾದರ ಹೇಳ್ಯಾರವ್ವಾ," ಎಂದಳು ಬಿಲ್ಕೀಸ, "ದೇವರಿಗೆ ಮುಟ್ಟತೈತಂತ."