ನೋಡದೆ ಬರೆದ ನಾಡಿ

ನಂಬೋದು ಬಿಡೋದು ನಿಮಗೇ ಬಿಟ್ಟದ್ದು. ನಮ್ಮ ಚಿಕ್ಕಮ್ಮನ ಮಗಳು ಪುಟ್ಟಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಗ ಆದದ್ದು ಇದು. ಅವಳ ಬಾಯಿಂದಲೇ ಕೇಳಿದ್ದೇನೆ, ಒಂದಕ್ಷರ ಸೇರಿಸಿಲ್ಲ.

ಸಂಜೆ ಡ್ಯೂಟಿ ಮುಗಿಸಿ ಹಾಸ್ಟೆಲಿಗೆ ಹೊರಟಾಗ ರಾತ್ರಿ ಹತ್ತು ದಾಟಿತ್ತು. ಆಸ್ಪತ್ರೆಯ ಹಿಂದೆ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ಪಕ್ಕದ ಕಾಲುದಾರಿಯಲ್ಲಿ ಅವಳ ಚಪ್ಪಲಿಯದ್ದೇ ಸದ್ದು... ಚಟ್, ಚಟ್, ಚಟ್. ಆಗ ಯಾರೋ ಅವಳ ಎಡಗೈ ಮಣಿಕಟ್ಟು ಹಿಡಿದರು. ಎಳೆಯಲಿಲ್ಲ, ತಿರುಚಲಿಲ್ಲ. ಹೆಬ್ಬೆರಳ ಬುಡದಲ್ಲಿ ಮೂರು ಬೆರಳಿಟ್ಟು, ಮೆಲ್ಲಗೆ ಒತ್ತಿ... ಹಾಗೇ ಹಿಡಿದಿದ್ದರು. ಪೂರ್ತಿ ಒಂದು ನಿಮಿಷ. ಬಿಟ್ಟ ಮೇಲೆ ತಿರುಗಿ ನೋಡಿದರೆ... ಯಾರೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಕಿರುಚುತ್ತಿದ್ದರು. ಪುಟ್ಟಿ ಮಣಿಕಟ್ಟು ಮುಚ್ಚಿಕೊಂಡು ಬಿರಬಿರನೆ ನಡೆದಳು. ಅದು ನಾಡಿ ನೋಡುವ ಕ್ರಮ. ಯಾಕೆ ನೋಡಿದರು ಅಂತಲೂ ಅವಳಿಗೆ ಗೊತ್ತಿತ್ತು.

ಮೂರು ದಿನದ ಹಿಂದೆ, ಅವಳ ರಾತ್ರಿ ಪಾಳಿಯಲ್ಲಿ, ಒಂಬತ್ತನೇ ಹಾಸಿಗೆಯ ಗಡಿಯಾರ ರಿಪೇರಿ ಅಜ್ಜ ತೀರಿಕೊಂಡಿದ್ದರು. “ಪೂರ್ತಿ ನಿಮಿಷ ಎಣಿಸಮ್ಮ, ಅರ್ಧ ಎಣಿಸಿ ಎರಡರಿಂದ ಗುಣಿಸ್ಬೇಡ” ಅಂತ ಹುಡುಗಿಯರನ್ನೆಲ್ಲ ರೇಗಿಸುತ್ತಿದ್ದ ಅಜ್ಜ. ನಾಲ್ಕು ಗಂಟೆಗೆ ಅವರ ನಾಡಿ ನೋಡಬೇಕಿತ್ತು. ನಿದ್ದೆ ಎಳೆಯುತ್ತಿತ್ತು. ಪುಟ್ಟಿ ಕುರ್ಚಿಯಲ್ಲಿ ಕೂತೇ, ಚಾರ್ಟಿನ ಹಿಂದಿನ ಅಂಕಿ ನೋಡಿಕೊಂಡು, ಎಪ್ಪತ್ತೆಂಟು ಅಂತ ಬರೆದಳು. ಐದಕ್ಕೆ ಹೋಗಿ ಮುಟ್ಟಿದರೆ ದವಡೆ ಆಗಲೇ ಬಿಗಿದಿತ್ತು. ಅಂದರೆ ಜೀವ ಹೋಗಿ ಮೂರು ಗಂಟೆಯಾದರೂ ಆಗಿತ್ತು. ನಿದ್ದೆಗಣ್ಣಲ್ಲಿ ಬಂದ ಡಾಕ್ಟರು ಸಾವಿನ ಸಮಯ ಐದು ಗಂಟೆ ಅಂತ ಬರೆದು ಹೋದರು. ಪುಟ್ಟಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

ತಾನು ನೋಡದೆ ಬರೆದದ್ದನ್ನು ಕಂಡ ಯಾರೋ ತನ್ನನ್ನು ಆಟ ಆಡಿಸುತ್ತಿದ್ದಾರೆ ಅಂತ ಅವಳ ಅನುಮಾನ. ಯಾರಿರಬಹುದು? ಹಾಸ್ಟೆಲಿನ ಪಕ್ಕದ ಮಂಚದ ಗೆಳತಿಯೇ ಇರಬೇಕು. ಬಾಯಿ ಮುಚ್ಚದೆ ಮಾತಾಡುತ್ತಾಳೆ ಅಂತ ಎಲ್ಲರೂ ಅವಳನ್ನು ಗಿಣಿ ಅನ್ನುತ್ತಿದ್ದರು. ಅಂಥವಳು ಎರಡು ದಿನದಿಂದ ಮಾತೇ ಆಡುತ್ತಿರಲಿಲ್ಲ, ಊಟದ ಹೊತ್ತಲ್ಲಿ ಪುಟ್ಟಿಯ ಕೈಯನ್ನೇ ಕದ್ದು ನೋಡುತ್ತಿದ್ದಳು.

ಆ ರಾತ್ರಿ ಪುಟ್ಟಿ ಚಿಲಕ ಹಾಕಿ, ಮಂಚದ ಸುತ್ತ ಪೌಡರ್ ಉದುರಿಸಿ ಮಲಗಿದಳು. ಗೋಡೆ ಗಡಿಯಾರ ನಾಲ್ಕು ಹೊಡೆಯಿತು... ಠಣ್... ಠಣ್... ಠಣ್... ಠಣ್. ಮಣಿಕಟ್ಟಿನ ಮೇಲೆ ಮೂರು ಬೆರಳು. ತಣ್ಣಗೆ.

“ಗಿಣೀ... ನೀನೇನಾ?”

“ಏನೇ?” ದನಿ ಆಚೆ ಮಂಚದಿಂದ ಬಂತು. ಬೆರಳು ಇನ್ನೂ ಇಲ್ಲೇ ಇತ್ತು.

“ಏನಿಲ್ಲ... ಮಲ್ಕೋ.”

ಬೆಳಗ್ಗೆ ಪೌಡರಿನ ಮೇಲೆ ಇರುವೆ ಹರಿದ ಗುರುತೂ ಇರಲಿಲ್ಲ.

ನಾಲ್ಕು ರಾತ್ರಿ ಹೀಗೇ ನಡೆಯಿತು. ಐದನೇ ಬೆಳಗ್ಗೆ ಅವಳು ಟ್ಯೂಟರ್ ಮೇಡಂ ಕೋಣೆಗೆ ಹೋಗಿ ನಿಂತಳು.

“ಮೇಡಂ, ಒಂಬತ್ತನೇ ಹಾಸಿಗೆಯ ನಾಡಿ... ನಾನು ನೋಡಿರ್ಲಿಲ್ಲ.”

ಮೇಡಂ ಕನ್ನಡಕ ತೆಗೆದಿಟ್ಟರು. “ಇನ್ನು ಆರು ತಿಂಗಳು ನೀನು ಪರೀಕ್ಷೆ ಬರೆಯೋ ಹಾಗಿಲ್ಲ. ಗೊತ್ತಲ್ಲ?”

“ಗೊತ್ತು.”

ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ ಅಮ್ಮನಿಗೆ ಏನಂತ ಹೇಳುವುದು? ಗೋಳೋ ಅಂತ ಅತ್ತಳು. ಆದರೆ ಅವತ್ತು ರಾತ್ರಿ ನಾಲ್ಕು ಹೊಡೆದದ್ದೂ ಅವಳಿಗೆ ಕೇಳಲಿಲ್ಲ, ಅಂಥ ನಿದ್ದೆ.

ಮರುದಿನ ತಪ್ಪೊಪ್ಪಿಗೆಗೆ ಸಹಿ ಹಾಕಲು ಹೋದರೆ ಮೇಡಂ ಬಾಗಿಲಲ್ಲಿ ಸಾಲು. ಹನ್ನೊಂದು ಹುಡುಗಿಯರು. ಎಲ್ಲರೂ ಬಲಗೈಯಿಂದ ಎಡ ಮಣಿಕಟ್ಟು ಮುಚ್ಚಿಕೊಂಡಿದ್ದರು. ಗಿಣಿ ಎರಡನೆಯವಳು.

“ನಾನೂ ನೋಡದೇ ಬರೀತಿದ್ದೆ ಕಣೇ...” ಪಿಸುಗುಟ್ಟಿದಳು. “ರಾತ್ರಿ ಕೈ ಹಿಡಿಯೋದು ನೀನೇ ಅಂದ್ಕೊಂಡಿದ್ದೆ.”

ಇದು ಕಟ್ಟುಕತೆಯಲ್ಲ. ಆ ವರ್ಷ ಅವರ ಹದಿನಾರು ಜನರ ಬ್ಯಾಚಿನಲ್ಲಿ ಪರೀಕ್ಷೆಗೆ ಕೂತವರೇ ನಾಲ್ಕು ಜನ, ಬೇಕಾದರೆ ಪುಟ್ಟಿಯನ್ನೇ ಕೇಳಿ. ಅವತ್ತಿನ ಆ ಸಾಲಿನ ಕೊನೆಯಲ್ಲಿ, ಹುಡುಗಿಯರ ಹಿಂದೆ, ಇಪ್ಪತ್ತೆರಡು ವರ್ಷ ಸರ್ವೀಸಾದ ವಾರ್ಡ್ ಸಿಸ್ಟರ್ ನಿಂತಿದ್ದರಂತೆ. ಅವರು ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಿದ್ದರು.