ಒಂದೇ ಪಾನಾ ಹಿಡಿದ ಸಾಹುಕಾರ

ಇಲ್ಲಿಗೆ ಬಂದಾಗ ಒಂದು ಕಥೆ ಹೇಳಲೇಬೇಕು. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ, ಇವತ್ತು ಮೈಕು ನನ್ನ ಮಾತು ಕೇಳುತ್ತಿಲ್ಲ. ಬಂದಿರಾ? ಹಾಂ.

ಒಂದು ಊರು. ಊರ ಹೊರಗೆ ಒಂದು ಕಲ್ಲಿನ ಖಣಿ. ಆ ಖಣಿಗೆ ಒಬ್ಬ ಸಾಹುಕಾರ. ಅವನಿಗೆ ಏನು ಕಡಿಮೆ ಇತ್ತು? ಏನೂ ಕಡಿಮೆ ಇರಲಿಲ್ಲ. ನಂಬಿಕೆ ಒಂದು ಕಡಿಮೆ ಇತ್ತು, ನೋಡಿ. ಯಾರು ಏನು ಮಾಡಿದರೂ ಅವನಿಗೆ ಪೂರ್ತಿ ಆಯಿತು ಅನ್ನಿಸುತ್ತಿರಲಿಲ್ಲ. ಹೆಂಡತಿ ಕಟ್ಟಿದ ಬುತ್ತಿಯ ಗಂಟು ಬಿಚ್ಚಿ ಮತ್ತೆ ತಾನೇ ಬಿಗಿಯಾಗಿ ಕಟ್ಟುವವನು. ಹಾಕಿದ ಕೀಲಿಯನ್ನು ನಾಲ್ಕು ಸಲ ಜಗ್ಗಿ ನೋಡುವವನು. ನಗಬೇಡಿ ತಾಯಂದಿರೇ, ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇದ್ದಾರೆ.

ಖಣಿಯಲ್ಲಿ ಕಲ್ಲು ಎತ್ತುವ ದೊಡ್ಡ ಮಷಿನ್ ಇತ್ತು. ಉದ್ದ ತೋಳು, ತುದಿಗೆ ಹಲ್ಲಿನ ಬಕೆಟ್ಟು. ಆ ತೋಳಿಗೆ ಬಲ ಎಲ್ಲಿಂದ ಬರುತ್ತದೆ? ಎಣ್ಣೆಯಿಂದ. ಕಪ್ಪು ಹೋಸ್ ಪೈಪುಗಳ ಒಳಗೆ ಎಣ್ಣೆಯನ್ನು ಪಂಪು ಒತ್ತಿ ಕಳಿಸುತ್ತದೆ, ಆ ಒತ್ತಡವೇ ಕಲ್ಲು ಎತ್ತುತ್ತದೆ. ನಾನು ಜಪಮಾಲೆ ಹಿಡಿದವನು, ಪಾನಾ ಹಿಡಿದು ನಟ್ಟು ತಿರುಗಿಸಿದವನಲ್ಲ. ಖಣಿಯವರು ಹೇಳಿದ್ದನ್ನೇ ಹೇಳುತ್ತಿದ್ದೇನೆ. ತಪ್ಪಿದರೆ ಇಲ್ಲಿ ಕೂತ ಮಿಸ್ತ್ರಿಗಳು ತಿದ್ದಬೇಕು.

ಆ ಮಷಿನ್ ನಡೆಸಲು ಒಬ್ಬ ಡ್ರೈವರ್. ಹದಿನಾಲ್ಕು ವರ್ಷದಿಂದ ಅದೇ ಸೀಟು, ಅದೇ ಕೀಲಿಕೈ. ಒಂದು ದಿನ ತೋಳಿನ ಹತ್ತಿರ ಪೈಪಿನ ಜಾಯಿಂಟಿನಲ್ಲಿ ಎಣ್ಣೆ ಕಾಣಿಸಿತು. ಎಷ್ಟು? ಒಂದು ಹನಿ. ಸಾಹುಕಾರ ಕೂಗಿದ, "ಇದನ್ನ ಬಿಗಿ ಮಾಡಿದವರು ಯಾರು?"

"ನಾನರೀ."

"ಇದಕ್ಕ ಬಿಗಿ ಅಂತಾರೇನು? ಕೊಡು ಇಲ್ಲೆ ಪಾನಾ!"

ತಾನೇ ತಿರುಗಿಸಿದ. ಹನಿ ನಿಂತಿತು. ಮೀಸೆ ತಿರುವಿಕೊಂಡು ಹೋದ. ಮಧ್ಯಾಹ್ನ ಬಂದು ನೋಡುತ್ತಾನೆ, ಎರಡು ಹನಿ. ಮತ್ತೆ ಬಿಗಿ ಮಾಡಿದ. ಮರುದಿನ ಪೈಪಿನ ಗುಂಟ ಎಣ್ಣೆ ಇಳಿಯುತ್ತಿದೆ. ಬಿಗಿ ಮಾಡಿದರೆ ಸೋರುವುದು ನಿಲ್ಲಬೇಕೋ ಹೆಚ್ಚಬೇಕೋ? ನೀವೇ ಹೇಳಿ. ನಿಲ್ಲಬೇಕು. ಇದು ಹೆಚ್ಚುತ್ತಿದೆ! ಸಾಹುಕಾರನ ತಲೆ ಗಿರ್ ಅಂದಿತು.

ಒಬ್ಬ ಮಿಸ್ತ್ರಿ ಬಂದ. ನೀರಿನ ನಳಕ್ಕೆ ಸುತ್ತುವ ಬಿಳಿ ಟೇಪು ಸುತ್ತಿ ಕೂಡಿಸಿದ. ಮಧ್ಯಾಹ್ನದವರೆಗೆ ಸರಿ, ಆಮೇಲೆ ಸೋರಿತು. ಇನ್ನೊಬ್ಬ ಬಂದ. "ಇದಕ್ಕ ಟೇಪು ಯಾವನು ಸುತ್ತಿದ?" ಅಂತ ಬೈದು, ಅದನ್ನು ಕಿತ್ತು ಒಳಗಿನ ರಬ್ಬರ್ ರಿಂಗ್ ಬದಲಿಸಿದ. ಮಧ್ಯಾಹ್ನದವರೆಗೆ ಸರಿ, ಆಮೇಲೆ ಸೋರಿತು. ಮೂರನೆಯವನು ಎಣ್ಣೆಯೇ ಸರಿ ಇಲ್ಲ ಅಂದ. ಎಣ್ಣೆಯನ್ನೂ ಬದಲಿಸಿದರು. ಅದೂ ಸೋರಿತು. ಮೂವರು ಮೂರು ಮಾತು, ಹನಿ ಮಾತ್ರ ಅದೇ. ಈ ಎಲ್ಲದರ ನಡುವೆ ಸಾಹುಕಾರ ಪ್ರತಿದಿನ ಬೆಳಿಗ್ಗೆ ಬಂದು, ಮೈಯ ಬಲವೆಲ್ಲ ಹಾಕಿ, ಆ ನಟ್ಟನ್ನು ಒಂದು ಸುತ್ತು ತಿರುಗಿಸಿಯೇ ಹೋಗುತ್ತಿದ್ದ.

ಯಾರಿಗೂ ಏನೂ ತಿಳಿಯದಾಗ ನಾವು ಏನು ಮಾಡುತ್ತೇವೆ? ಹತ್ತಿರ ಇರುವವನನ್ನು ಹಿಡಿಯುತ್ತೇವೆ. ಸಾಹುಕಾರ ಡ್ರೈವರನನ್ನು ಕರೆದು ಹೇಳಿದ, "ಅಮಾಸಿಗೆ ಮಷಿನ್ ಪೂಜಿ ಐತಿ. ಅಷ್ಟರಾಗ ಇದು ನಿಲ್ಲಬೇಕು. ಇಲ್ಲಂದ್ರ ಕಾಯಿ ಒಡದು ಕೀಲಿಕೈ ಬ್ಯಾರೆಯವನ ಕೈಯಾಗ ಇಡ್ತೀನಿ."

ಖಣಿಗಳಲ್ಲಿ ಅಮಾವಾಸ್ಯೆ ಪೂಜೆ ಅಂದರೆ ಏನು ಗೊತ್ತೇ? ಊರವರೆಲ್ಲ ಬರುತ್ತಾರೆ. ಪೂಜೆಯ ಕೀಲಿಕೈ ಯಾರ ಕೈಗೆ ಬಂತೋ ಅವನೇ ಆ ಮಷಿನ್ನಿನವನು. ಎಲ್ಲರ ಎದುರಿಗೆ ಕೀಲಿಕೈ ಕಳೆದುಕೊಂಡವನನ್ನು ಸುತ್ತಲಿನ ಇನ್ನೊಂದು ಖಣಿಯವರು ಸೇರಿಸಿಕೊಳ್ಳುತ್ತಾರೆಯೇ? ಇಲ್ಲ. ಹದಿನಾಲ್ಕು ವರ್ಷದ ಹೆಸರು ಅವತ್ತಿಗೆ ಮುಗಿಯಿತು.

ಅಮಾವಾಸ್ಯೆ ಬಂತು. ನಿಂಬೆಹಣ್ಣು ಕೊಯ್ದರು, ಕಾಯಿ ಒಡೆದರು. ಕೀಲಿಕೈ ಹೊಸಬನ ಕೈಗೆ ಹೋಯಿತು. ಹಳೆಯ ಡ್ರೈವರ್ ಪ್ರಸಾದ ತಗೊಂಡು, ಮಷಿನ್ನಿಗೆ ಕೈಮುಗಿದು ಮನೆಗೆ ನಡೆದ. ನೋಡಿದವರಿಗೆ ಸಂಕಟ ಆಯಿತು. ಆದರೆ ಸಾಹುಕಾರನ ಎದುರಿಗೆ ಬಾಯಿ ಬಿಡುವವರು ಯಾರು?

ಮರುದಿನ ಮಧ್ಯಾಹ್ನ ಏನಾಯಿತು? ಸೋರಿತು! ಡ್ರೈವರ್ ಹೊಸಬ. ಟೇಪು ಹೋಯಿತು, ರಿಂಗು ಹೊಸದು, ಎಣ್ಣೆ ಹೊಸದು. ತಪ್ಪು ಮಾಡಿದವನನ್ನು ಕಳಿಸಿಯಾಯಿತು. ತಪ್ಪು ಇನ್ನೂ ಇಲ್ಲೇ ಇದೆ! ಸಾಹುಕಾರ ಎರಡು ಹೊತ್ತು ಊಟ ಮಾಡಲಿಲ್ಲ.

ಕೊನೆಗೆ ತಾಲೂಕಿನ ಪೈಪಿನ ಅಂಗಡಿಗೆ ಹೋದ. ಪೈಪಿನ ತುದಿಗೆ ಕಬ್ಬಿಣದ ಫಿಟಿಂಗ್ ಒತ್ತಿ ಕೊಡುವ ಅಂಗಡಿ. ಅದನ್ನು ನಡೆಸುವವಳು ಒಬ್ಬ ಹೆಣ್ಣುಮಗಳು. "ಹೊಸಾ ಪೈಪು ಕೊಡವ್ವಾ" ಅಂದ. ಆಕೆ, "ಕೊಡ್ತೀನ್ರಿ. ಹಳೇದನ್ನ ಬಿಚ್ಚೂಕಿಂತ ಮೊದಲ ನಾ ಒಮ್ಮೆ ನೋಡಬೇಕು" ಅಂತ ಅವನ ಜೊತೆಗೇ ಬಂದಳು.

ಬಂದು ಏನು ಮಾಡಿದಳು? ಮೊದಲು ಬಕೆಟ್ಟು ನೆಲಕ್ಕೆ ಇಳಿಸಲು ಹೇಳಿದಳು. ಇಂಜಿನ್ ಬಂದ್ ಮಾಡಿಸಿ ಒಳಗಿನ ಒತ್ತಡ ಬಿಡಿಸಿದಳು. ಆಮೇಲೆ ಪೈಪನ್ನು ಬಟ್ಟೆಯಿಂದ ಒರೆಸಿದಳು. ಪೈಪಿನ ಉದ್ದಕ್ಕೂ ಅಚ್ಚು ಹಾಕಿದ ಒಂದು ಹಳದಿ ಗೆರೆ ಇರುತ್ತದಂತೆ. ನೆಟ್ಟಗೆ ಇರಬೇಕಾದ ಗೆರೆ ಕಂಬಕ್ಕೆ ಬಳ್ಳಿ ಸುತ್ತಿದ ಹಾಗೆ ಸುತ್ತಿಕೊಂಡಿತ್ತು.

"ದಿನಾ ಇದನ್ನ ಬಿಗಿ ಮಾಡೋರು ಯಾರ್ರೀ?"

"ನಾನ."

"ಹೆಂಗ ಮಾಡ್ತೀರಿ, ತೋರಸ್ರಿ."

ಸಾಹುಕಾರ ಪಾನಾ ಹಾಕಿ ತಿರುಗಿಸಿದ. ನಟ್ಟಿನ ಜೊತೆಗೆ ಪೈಪೂ ತಿರುಗಿತು. ನಿಂತವರೆಲ್ಲ ನೋಡಿದರು.

ಆಕೆ ಹೇಳಿದಳು, "ಸಾಹುಕಾರ್ರ, ಇದಕ್ಕ ಎರಡು ಪಾನಾ ಬೇಕ್ರೀ. ಒಂದರಿಂದ ಪೈಪಿನ ತುದಿ ಹಿಡೀಬೇಕು, ಇನ್ನೊಂದರಿಂದ ನಟ್ಟು ತಿರುಗಸಬೇಕು. ನೀವು ಹಿಡೀಲಾರದ ಬರೇ ತಿರುಗಸೀರಿ. ಪೈಪು ತಿರುಚಿಕೊಂಡೈತಿ. ಒತ್ತಡ ಬಂದ ಕೂಡ್ಲೇ ಅದು ತಿರುಚು ಬಿಡಿಸಿಕೊಳ್ಳಾಕ ಹೋಗ್ತೈತಿ, ನಟ್ಟು ಸಡಲಾಗ್ತೈತಿ. ನೀವು ಬಿಗಿ ಮಾಡಿದಷ್ಟೂ ಸೋರೋದು ಅದಕ್ಕ."

ಸಾಹುಕಾರನ ಮುಖ ಸಣ್ಣದಾಯಿತು. ಹೊಸಬನ ಕೈಯಿಂದ ಕೀಲಿಕೈ ತಗೊಂಡು ನೇರ ಹಳೆಯ ಡ್ರೈವರನ ಮನೆಗೆ ಹೋದ. ಬಾಗಿಲಲ್ಲೇ ನಿಂತು ಕೇಳಿದ, "ನಾ ತಿರುಗಸೋದನ್ನ ನೀ ದಿನಾ ನೋಡತಿದ್ದಿ. ನಿನಗ ಗೊತ್ತಿರಲಿಲ್ಲೇನು?"

"ಅನುಮಾನ ಇತ್ತರೀ."

"ಮತ್ತ ಯಾಕ ಹೇಳಲಿಲ್ಲೋ?"

ಡ್ರೈವರ್ ಹೇಳಿದ, "ಎರಡು ಸಲ ಬಾಯಿ ತಗದ್ನಿರೀ. ಎರಡೂ ಸಲ ಬಾಯಿ ಮುಚ್ಚು ಅಂದ್ರಿ. ಮುಚ್ಚಿದ್ನಿ."

ಕೇಳಿದಿರಾ? ಮುಚ್ಚಿದ್ನಿ ಅಂದ. ಸಾಹುಕಾರ ಕೀಲಿಕೈ ಮುಂದೆ ಹಿಡಿದ. ಡ್ರೈವರ್ ತಗೊಳ್ಳಲಿಲ್ಲ. "ಮನ್ಯಾಗ ಬ್ಯಾಡ್ರೀ. ಎಲ್ಲರ ಮುಂದ ಇಸಗೊಂಡ್ರಿ, ಎಲ್ಲರ ಮುಂದ ಕೊಡ್ರಿ" ಅಂದ. ಮುಂದಿನ ಅಮಾವಾಸ್ಯೆಗೆ ಇನ್ನೊಂದು ಕಾಯಿ ಒಡೆದು, ಊರವರ ಎದುರಿಗೆ ಸಾಹುಕಾರ ಕೊಟ್ಟ.

ಈ ಕಥೆ ಕೇಳಿದಾಗ ನನಗೂ ಗಲಿಬಿಲಿ ಆಯಿತು. ಹಾಗಾದರೆ ಬಿಗಿ ಮಾಡಲೇಬಾರದೇ? ಮಕ್ಕಳಿಗೆ ಹೇಳಬಾರದೇ? ಸೊಸೆಗೆ, ಆಳಿಗೆ, ತಮ್ಮನಿಗೆ ಏನೂ ಅನ್ನಬಾರದೇ? ಮೂರು ದಿನ ಯೋಚಿಸಿದೆ. ಅನ್ನಬೇಕು, ಆದರೆ ಹಿಡಿದು ಅನ್ನಬೇಕು. ನಾವು ಹಿಡಿಯುವುದಿಲ್ಲ, ಬರೀ ತಿರುಗಿಸುತ್ತೇವೆ. ಮಗ ಕಡಿಮೆ ಅಂಕ ತಂದ, ತಿರುಗಿಸಿದಿರಿ. ಸಾರಿಗೆ ಉಪ್ಪು ಹೆಚ್ಚಾಯಿತು, ತಿರುಗಿಸಿದಿರಿ. ಆಮೇಲೆ ನನ್ನ ಹತ್ತಿರ ಬಂದು, ಸ್ವಾಮಿಗಳೇ, ಎಷ್ಟು ಹೇಳಿದರೂ ಮನೆ ಸರಿ ಹೋಗುತ್ತಿಲ್ಲ, ಏನೂ ತಿಳಿಯುತ್ತಿಲ್ಲ ಅನ್ನುತ್ತೀರಿ. ಹೇಗೆ ತಿಳಿಯಬೇಕು? ತಿಳಿದವರ ಬಾಯನ್ನು ನೀವೇ ಮುಚ್ಚಿಸಿದ್ದೀರಿ!

ಒಂದೇ ಒಂದು ಕೆಲಸ ಹೇಳುತ್ತೇನೆ. ಎರಡನೆಯ ಸಲ ಬೈಯುವ ಮೊದಲು, "ನಿನಗೆ ಏನು ಅನ್ನಿಸುತ್ತದೆ?" ಅಂತ ಕೇಳಿ. ಕೇಳಿ ಸುಮ್ಮನಿರಿ. ಉತ್ತರ ಬರುವ ತನಕ ಸುಮ್ಮನಿರಿ, ಅದೇ ಹಿಡಿಯುವುದು. ನಿಮ್ಮ ಮನೆಯಲ್ಲಿ ಈಗ ಮಾತು ಕಡಿಮೆ ಮಾಡಿದವರು ಒಬ್ಬರಿದ್ದಾರೆ. ಅವರು ಒಪ್ಪಿಕೊಂಡು ಸುಮ್ಮನಾಗಿದ್ದಾರೆ ಅಂತ ನೀವು ತಿಳಿದಿದ್ದೀರಿ. ಇವತ್ತು ಊಟದ ತಾಟಿನ ಮುಂದೆ ಕೂರುವ ಮೊದಲು ಅವರ ಹತ್ತಿರ ಹೋಗಿ, ಎಲ್ಲರ ಎದುರಿಗೇ ಕೇಳಿ. ಬೈದದ್ದು ಎಲ್ಲರ ಎದುರಿಗೇ ಅಲ್ಲವೇ?